ವಾಣಿಶ್ರೀಯ ನೀಲಿ ಚುಕ್ಕಿ

ಬಾಗಲಾ ಸ್ವಲ್ಪ ಮುಂದ ಮಾಡ್ರಿ... ಹಾಂ, ಅಷ್ಟ ಸಾಕು. ಹುಡುಗ್ರು ಈಗ ಮಲಗ್ಯಾವು, ದನಿ ಸಣ್ಣ ಮಾಡೇ ಹೇಳ್ತೀನಿ. ಇದು ಯಾರೋ ಹೇಳಿ ಯಾರೋ ಕೇಳಿದ್ದಲ್ಲ. ನನ್ನ ತವರೂರು ಡೋಣ್ಯಾಗ, ನನ್ನ ಸ್ವಂತ ತಮ್ಮ ಮಲ್ಲೂನ ಹೇಂತಿಗೆ ಆದದ್ದು. ಆಕಿ ಹೆಸರು ವಾಣಿಶ್ರೀ. ಕುರ್ತಕೋಟಿ ಹುಡುಗಿ. ಎತ್ತರದಾಕಿ, ಮಾತು ಕಡಿಮಿ, ನಗು ಬಂದ್ರ ಸೆರಗಿನಾಗ ಬಾಯಿ ಮುಚ್ಚಿಕೊಳ್ಳಾಕಿ. ಸುಳ್ಳು ಹೇಳೂ ಹೆಣಮಗಳಲ್ಲ. ಹೇಳಿದ್ದು ಒಂದ ಸುಳ್ಳು, ಅದನ್ನೂ ಹೇಳ್ತೀನಿ.

ಚಳಿಗಾಲದ ದಿನ. ಮುಂಡರಗಿಯಿಂದ ಬರೋ ಕಡೇ ಬಸ್ಸು ಊರ ಹೊರಗ, ತಿರುವಿನ್ಯಾಗ ಆಕಿನ್ನ ಇಳಿಸಿ ಹೋತು. ವಾಣಿಶ್ರೀ ಮುಂಡರಗ್ಯಾಗ ಒಂದು ಟೇಲರ್ ಅಂಗಡ್ಯಾಗ ಬ್ಲೌಸ್ ಹೊಲಿತಿದ್ಲು. ಬಸ್ಸಿನ ಸಪ್ಪಳ ಪೂರಾ ಹೋಗೂಮಟ ರಸ್ತಾದ ಮ್ಯಾಲ ನಿಂತ್ಲು. ಆಮ್ಯಾಲ... ಏನೂ ಇಲ್ಲ. ದೂರ ಗುಡ್ಡದ ಕಡಿಂದ ಗಾಳಿಲೆ ಕರೆಂಟ್ ಮಾಡೂ ದೊಡ್ಡ ಫ್ಯಾನು ತಿರುಗೂ ಸಪ್ಪಳ ಅಷ್ಟ. ವ್ಹೂಂ... ವ್ಹೂಂ... ಅಂತ.

ತಿರುವಿನಿಂದ ಮನಿಗೆ ಹೋಗೂ ದಾರ್ಯಾಗ ಒಂದು ಆಲದ ಮರ. ಅದರ ಬುಡಕ್ಕ ಹಳೇ ಬಾವಿ. ನೀರಿಗೆ ಇಳಿಯೂ ಕಲ್ಲಿನ ಪಾವಟಿಗಿ ಅದಾವು, ನೀರಿನ ಮ್ಯಾಲ ಹಸರು ಪಾಚಿ. ಗಾಳಿ ಬಿಟ್ರ ಮರದ ಬಿಳಲು ಒಂದಕ್ಕೊಂದು ತಿಕ್ಕಿ ಕರ್ರ್... ಕರ್ರ್... ಅಂತಾವು. ಕಪ್ಪಿ ನೀರಿಗೆ ಹಾರಿದ್ರ ಗುಬುಕ್ ಅಂತೈತಿ. ಹೊತ್ತು ಮುಣುಗಿದ ಮ್ಯಾಲ ಊರ ಮಂದಿ ಆ ದಾರಿ ಹಿಡಿಯೂದಿಲ್ಲ. ಹಿಂದಕ ಮಂಜವ್ವ ಅಂತ ಒಬ್ಬಾಕಿ ಅದರಾಗ ಬಿದ್ದು ಸತ್ತಾಳ, ಆಕಿ ಮರದಾಗ ಅದಾಳ ಅಂತ ಮಾತು.

ವಾಣಿಶ್ರೀಗೆ ಆ ಹೆದರಿಕಿ ಇರಲಿಲ್ಲ. ಆಕಿ ದಿನಾ ಅಲ್ಲೇ ಕುಂಡ್ರಾಕಿ. ಚಪ್ಪಲಿ ಬಿಚ್ಚಾಕಿ, ಬಾವಿ ಕಟ್ಟಿ ಮ್ಯಾಲ ಕಾಲು ಚಾಚಾಕಿ. ಅಂಗಡ್ಯಾಗ ಮಿಷನ್ ಸಪ್ಪಳ, ಮನ್ಯಾಗ ಅಡಗಿ, ಅತ್ತಿ, ಮಂದಿ. ಎರಡರ ನಡುವ ಇಷ್ಟು ಹೊತ್ತು ಆಕಿದು. ಏನು ಮಾಡ್ತಿದ್ಲು ಅಂದ್ರ... ಏನೂ ಇಲ್ರಿ. ಬರೇ ಕುಂಡ್ರೂದು. ಒಂದೊಂದು ಸಲ ಹಾಡು ಗುನುಗೂದು. ಒಂದೊಂದು ಸಲ ಅಳೂದು. ಯಾಕ ಅಳ್ತಿ ಅಂತ ಕೇಳಾವ್ರು ಇರಲಿಲ್ಲ, ಅದ ಆಕಿಗೆ ಛಲೋ ಅನಸ್ತಿತ್ತು.

ಆವತ್ತೂ ಕುಂತ್ಲು. ಕುಂತು ಕಾಲು ಚಾಚಿದ್ಲೋ ಇಲ್ಲೋ... ಚೀಲದಾಗ ಫೋನ್ ಗುಂಯ್ ಅಂತು.

ಮಲ್ಲು.

"ಬಾವಿ ಹಂತೇಲಿ ಯಾಕ ಕುಂತಿ?"

ದನಿ ಸಣ್ಣಗಿತ್ತು. ಸಿಟ್ಟಿಲ್ಲ. ವಾಣಿಶ್ರೀ ಸುತ್ತಮುತ್ತ ನೋಡಿದ್ಲು. ಕತ್ತಲಿ.

"ನೀವೆಲ್ಲಿ ಅದೀರಿ?"

"ಡ್ಯೂಟಿ ಮ್ಯಾಲ, ಗುಡ್ಡದಾಗ. ನೀ ಕಾಣಾಕತ್ತಿ."

"ಚಪ್ಪಲ್ಯಾಗ ಹರಳು ಹೊಕ್ಕಿತ್ರಿ... ತಗದು ಹೊಂಟೆ."

ಅದ ನೋಡ್ರಿ, ಆ ಒಂದು ಸುಳ್ಳು.

ನನ್ನ ತಮ್ಮ ಕೆಟ್ಟಾಂವ ಅಂತ ತಿಳಕೋಬ್ಯಾಡ್ರಿ. ಕುಡಿಯಾಂವಲ್ಲ, ಬಡಿಯಾಂವಲ್ಲ, ಒಂದು ಬಿರುಸು ಮಾತು ಆಡಾಂವಲ್ಲ. ಗಾಳಿ ಫ್ಯಾನು ಕಾಯೂ ರಾತ್ರಿ ಪಾಳಿ ನೌಕರಿ ಅಂವಂದು. ಒಂದು ದಿನ ಮುಂಡರಗಿ ಬಸ್ಸು ದಾರ್ಯಾಗ ಕೆಟ್ಟು ನಿಂತು, ಇಕಿ ಬರೂದು ಭಾಳ ತಡಾ ಆಗಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಅಂವ ಗುಡ್ಡದಿಂದ ಓಡಕೋತ ಇಳದು ಬಂದಿದ್ದ. ಮನಿ ಮುಂದ ಆಕಿನ್ನ ನೋಡಿ ಅತ್ತಬಿಟ್ಟಿದ್ದ. ಮರುದಿನ ಆಕಿ ಫೋನಿನ್ಯಾಗ ಏನೋ ಹಾಕಿ, ತನ್ನ ಫೋನ್ ತೋರಿಸಿದ. ನಕಾಶೆ. ನಕಾಶೆದಾಗ ಒಂದು ನೀಲಿ ಚುಕ್ಕಿ.

"ಇದು ನೀನು," ಅಂದ. "ಇನ್ನ ಮ್ಯಾಲ ನನಗ ಚಿಂತಿಲ್ಲ."

ಆಕಿನೂ ನಕ್ಕಿದ್ಲು. ಮೊದ್ಲು ಮೊದ್ಲು ಛಲೋನೂ ಇತ್ತು. ಬಸ್ಸು ಇಳಿಯೂ ಹೊತ್ತಿಗೆ ನಮ್ಮವ್ವ ಕಸ್ತೂರೆವ್ವ ರೊಟ್ಟಿ ಬಿಸಿ ಮಾಡಿ ಇಟ್ಟಿರತಿದ್ಲು, ಯಾಕಂದ್ರ ಮಲ್ಲು ಗುಡ್ಡದಿಂದ ಫೋನ್ ಮಾಡಿ ಅವ್ವಗ ಹೇಳ್ತಿದ್ದ; ಹಗಲೊತ್ತು ತನ್ನ ಫೋನ್ ಕೊಟ್ಟು ಅವ್ವಗೂ ನೋಡಾಕ ಕಲಿಸಿದ್ದ. ಆಮ್ಯಾಲ ಮಾತು ಬರಾಕ ಹತ್ತಿದ್ವು.

"ಗಿರ್ಮಿಟ್ ಅಂಗಡ್ಯಾಗ ಭಾಳ ಹೊತ್ತು ಕುಂತಿದ್ದೆಲ್ಲವಾ, ಯಾರ ಜೋಡಿ?"

"ಒಬ್ಬಾಕಿನ ಅತ್ತಿ. ಹಸಿವಿ ಆಗಿತ್ತು."

"ಆತು ಬಿಡು. ಸುಮ್ಮ ಕೇಳಿದೆ."

ಸುಮ್ಮ ಕೇಳಿದ್ದು. ಎಲ್ಲಾರೂ ಸುಮ್ಮ ಕೇಳಾವ್ರ. ದವಾಖಾನಿ ಮುಂದ ಯಾಕ ನಿಂತಿದ್ದಿ? ತಿರುವಿನ್ಯಾಗ ಯಾಕ ತಡಾ? ಫೋನ್ ಅಂಗಡ್ಯಾಗ ಬಿಟ್ಟು ಹೊರಗ ಹೋದ್ರ, ಒಂದಿಷ್ಟು ಹೊತ್ತಿನ್ಯಾಗ ಆಕಿ ಎತ್ತಾಕತ್ತಿಲ್ಲ ಅಂತ ಅಂಗಡಿ ಮಾಲಕಗ ಮಲ್ಲೂನ ಫೋನ್. ಕುರ್ತಕೋಟಿಗೆ ಹೋದಾಗ ಅವ್ವನ ಮುಂದ ಹೇಳಿಕೊಂಡ್ಲು. ಅವರವ್ವ ಜ್ವಾಳ ಕೇರಕೋತ ಅಂದ್ಲು, "ಗಂಡ ಕಾಳಜಿ ಮಾಡ್ತಾನ ಅಂತ ದೂರು ಹೇಳ್ತಿಯೇನ? ನಿನ್ನ ಕಡೆ ಮುಚ್ಚಿಡುವಂಥಾದ್ದು ಏನೈತಿ?"

ಏನೂ ಇರಲಿಲ್ಲ. ಏನೂ ಇಲ್ಲದ್ದನ್ನ ಕಾಯಕೊಳ್ಳೂದು ಹ್ಯಾಂಗ್ರಿ?

ಅಮಾಸಿ ದಿನ ಅದು ಆತು. ಕಡೇ ಬಸ್ಸು ಇಳದ್ಲು. ಬಾವಿ ಕಟ್ಟಿಗೆ ಬಂದ್ಲು. ಫೋನ್ ಕೈಯಾಗ ಹಿಡದು ನಿಂತ್ಲು. ಬಿಟ್ಲು.

ಗುಳುಂ.

ಬೆಳಕು ಕೆಳಗ ಕೆಳಗ ಹೋತು. ಹಸರು ಪಾಚಿ ಕೆಳಗ ಇನ್ನೂ ಉರಿತಿತ್ತು... ಆಮ್ಯಾಲ ಆರಿತು. ಗುಳು ಗುಳು ಗುಳು... ನಾಕು ಗುಳ್ಳಿ ಎದ್ವು. ಮುಗೀತು.

ಆಕಿ ಕುಂತ್ಲು. ಭಾಳ ದಿನದ ಮ್ಯಾಲ ಕಾಲು ಚಾಚಿ ಕುಂತ್ಲು. ಯಾರೂ ಕೇಳಲಿಲ್ಲ.

ಮನಿಗೆ ಬಂದು, "ಬಗ್ಗಿ ಬಾವಿ ನೋಡೂ ಮುಂದ ಜಾರಿ ಬಿತ್ತು ಅತ್ತಿ" ಅಂದ್ಲು. ಹಾಂ... ಇದನ್ನೂ ಸುಳ್ಳು ಅಂತೀರೇನೋ. ಅನ್ರಿ. ನನಗ ಹಂಗ ಅನಸೂದಿಲ್ಲ. ಮಲ್ಲು ಬೈಲಿಲ್ಲ. ಪಗಾರ ಆದ ಮ್ಯಾಲ ಬ್ಯಾರೆ ತರೂಣು ಅಂದ.

ಮುಂದ ಒಂದು ವಾರ ಆಕಿ ಹುಡುಗಿ ಆಗಿಬಿಟ್ಟಿದ್ಲು ಅಂತ ಬಾಜೂಮನಿ ಮೋತಿಬಿ ಅಮ್ಮ ನನಗ ಹೇಳಿದ್ದು. ಮೋತಿಬಿ ಅಂದ್ರ ಮುದುಕಿ, ಒಬ್ಬಾಕಿನ ಇರತಾಳ, ನಮ್ಮ ಹಿತ್ತಲಾ ಆಕಿ ಹಿತ್ತಲಾ ಒಂದ. ವಾಣಿಶ್ರೀ ಬಟ್ಟಿ ಒಣಗ ಹಾಕೂ ಮುಂದ ದನಿ ತಗದು ಹಾಡಿದ್ಲಂತ.

ಒಂದು ದಿನ ಸಂಜಿಮುಂದ ಆಕಿ ದಾರಿ ಬಿಟ್ಟು ನಿಜಲಿಂಗಪ್ಪನ ಕಡ್ಲಿ ಹೊಲದ ಬದುವು ಹಿಡದ್ಲು. ನಾಕು ಗಿಡ ಕಿತ್ತು, ಹಸೀ ಕಡ್ಲಿ ಸುಲಕೋತ, ತಿನಕೋತ ನಿಂತ್ಲು. ಹೊಲದಾಗ ಒಂದು ನರಪಿಳ್ಳಿ ಇಲ್ಲ.

ಮುಂಜಾನೆ ಮಲ್ಲು ಡ್ಯೂಟಿ ಮುಗಿಸಿ ಬಂದ. ಚಹಾ ಕುಡಕೋತ, ತಲಿ ತಗ್ಗಿಸಿ ಕೇಳಿದ.

"ನಿನ್ನಿ ನಿಜಲಿಂಗಪ್ಪನ ಹೊಲದಾಗ ಯಾಕ ನಿಂತಿದ್ದಿ?"

ಆಕಿ ಕೈಯಾಗಿನ ಪಾತೇಲಿ ಕೆಳಗಿಟ್ಲು.

"ಯಾರು ಹೇಳಿದ್ರು?"

ಅಂವ ತನ್ನ ಫೋನ್ ಮುಂದ ಹಿಡದ. ನಕಾಶೆ. ನಮ್ಮ ಮನಿ. ಅಡಗಿಮನಿ ಇರೂ ಮೂಲ್ಯಾಗ... ನೀಲಿ ಚುಕ್ಕಿ.

"ಫೋನ್ ನಿನ್ನ ಕಡೇನ ಐತಿ ವಾಣಿ. ನೀ ನನ್ನ ಕಡೆ ಸುಳ್ಳು ಹೇಳಿದಿ." ಅಂವನ ಕಣ್ಣಾಗ ನೀರಿತ್ತು.

"ಇಲ್ರಿ. ಬಾವ್ಯಾಗ ಐತ್ರಿ."

ಆಕಿ ಚೀಲಾ ಸುರುವಿದ್ಲು. ಟ್ರಂಕು ತಗದ್ಲು. ನಮ್ಮವ್ವ ಹಾಸಿಗಿ ಝಾಡಿಸಿದ್ಲು, ಹಿಟ್ಟಿನ ಡಬ್ಬ್ಯಾಗ ಕೈ ಹಾಕಿ ನೋಡಿದ್ಲು. ಸೀರಿ ನಿರಿಗಿ ಸೈತ ಮುಟ್ಟಿ ನೋಡಿದ್ಲು. ವಾಣಿಶ್ರೀ ಗೋಡೆಗೆ ಮಾರಿ ಮಾಡಿ ನಿಂತಿದ್ಲು. ಏನೂ ಸಿಗಲಿಲ್ಲ.

"ಹಿತ್ತಲಕ್ಕ ಹೋಗು," ಅಂದ ಮಲ್ಲು.

ಹೋದ್ಲು. ಚುಕ್ಕಿ ಹಿತ್ತಲಕ್ಕ ಹೋತು.

"ಬಾ."

ಬಂದ್ಲು. ಚುಕ್ಕಿ ಬಂತು.

ಮುಂಡರಗ್ಯಾಗ ಫೋನ್ ರಿಪೇರಿ ಅಂಗಡಿಗೆ ಇಬ್ಬರೂ ಹೋದ್ರು. ಅಂಗಡಿಯಾಂವ ಮಲ್ಲೂನ ಫೋನಿನಿಂದ ಆ ನಕಾಶೆ ಪೂರಾ ತಗದು ಹಾಕಿದ. ಫೋನ್ ಬಂದ್ ಮಾಡಿ ಚಾಲೂ ಮಾಡಿದ. ಚುಕ್ಕಿ ಇತ್ತು. ಸಿಮ್ ತಗದ. ಇತ್ತು. ನೆಟ್ ಬಂದ್ ಮಾಡಿದ. ವಾಣಿಶ್ರೀ ಅಂಗಡಿ ಹೊರಗ ಹೋಗಿ ಲೈಟಿನ ಕಂಬದ ಬುಡಕ ನಿಂತಿದ್ಲು. ಸಿಮ್ ಇಲ್ಲದ ಫೋನಿನ್ಯಾಗ ಚುಕ್ಕಿ ನಿಧಾನ ಸರದು ಕಂಬದ ಬುಡಕ ಹೋಗಿ ನಿಂತಿತು. ಅಂಗಡಿಯಾಂವ ಒಮ್ಮೆ ಹೊರಗ ನೋಡಿದ. ಫೋನ್ ಮೇಜಿನ ಮ್ಯಾಲ ದೂಡಿದ.

"ಒಯ್ರಿ ಅಣ್ಣಾರ ಇದನ್ನ. ನನಗ ಇದು ತಿಳಿಯೂದಿಲ್ಲ."

ಆವಾಗ ಮಲ್ಲು ಹಟಕ್ಕ ಬಿದ್ದ. ಬಾವಿ ಹೂಳು ತಗಿಯೂ ಜಹಾಂಗೀರನ್ನ ಕರಕೊಂಡು ಬಂದ. ಮಟಮಟ ಮಧ್ಯಾನ್ನ. ಜಹಾಂಗೀರ ಸೊಂಟಕ್ಕ ಹಗ್ಗ ಕಟ್ಟಿಕೊಂಡು ಮುಳುಗಿದ. ಎದ್ದ. ಮತ್ತ ಮುಳುಗಿದ. ಮೂರನೇ ಸಲ ಎದ್ದಾಗ ಕೈಯಾಗ ಕೆಸರಿನ ಗಡ್ಡಿ. ಒರಸಿದ. ವಾಣಿಶ್ರೀ ಫೋನು. ಗಾಜು ಒಡದಿತ್ತು. ಹಿಂದಿನ ಮುಚ್ಚಳಾ ಬಿಚ್ಚಿ, ಒಳಗಿಂದ ನೀರು ತೊಟ್ ತೊಟ್ ಅಂತ ಸೋರತಿತ್ತು.

ಮಲ್ಲು ಒಂದು ಕೈಯಾಗ ಅದನ್ನ ಹಿಡದ. ಇನ್ನೊಂದು ಕೈಯಾಗ ತನ್ನ ಫೋನ್. ವಾಣಿಶ್ರೀ ದೂರ ಆಲದ ಮರದ ಆಚೆ ಬಾಜೂ ಮೋತಿಬಿ ಜೋಡಿ ನಿಂತಿದ್ಲು. ಸತ್ತ ಫೋನ್ ಅಂವನ ಅಂಗೈಯಾಗ.

ಚುಕ್ಕಿ ಮರದ ಆಚೆ.

ಅಂವ ಹೇಂತಿ ಮಾರಿ ನೋಡಿದ. ಆವತ್ತ ಮೊದಲನೇ ಸಲ ಅಂವಗೂ ಹೆದರಿಕಿ ಆತು.

ಮೋತಿಬಿ ಆಕಿ ಕೈ ಹಿಡದು ಪಿಸುಗುಟ್ಟಿದ್ಲು. "ಇದು ಮಂಜವ್ವ ಅಲ್ಲ ಬೇಟಿ. ಮಂಜವ್ವ ಎಷ್ಟ ವರ್ಷ ಆ ಮರದಾಗ ಇದ್ಲು. ನಾ ಹರೇದಾಕಿ ಇದ್ದಾಗ ಇಲ್ಲಿ ಕುಂತು ಏನೇನ ಅತ್ತೀನಿ, ಎಲ್ಲಾ ನೋಡ್ಯಾಳ. ಒಬ್ಬರ ಮುಂದ ಬಾಯಿ ಬಿಡಲಿಲ್ಲ."

"ಮತ್ತ ಇದು ಯಾರು ಅಮ್ಮಾ?"

ಮುದುಕಿ ತಲಿ ಅಳ್ಳಾಡಿಸಿದ್ಲು. "ಗೊತ್ತಿಲ್ಲ."

ಆವತ್ತು ರಾತ್ರಿ ವಾಣಿಶ್ರೀ ಗಂಡನ ಕಾಲು ಹಿಡದ್ಲು. "ನೋಡಬ್ಯಾಡ್ರಿ. ನೀವು ನೋಡೂದು ಬಿಟ್ರ ಅದು ಹೋಗತೈತಿ." ಅಂವ ಅವ್ವನ ಆಣಿ ಮಾಡಿ ನೋಡೂದಿಲ್ಲ ಅಂದ. ನಿಮಗ ಅನಸಬಹುದು, ಫೋನ್ ಒಡದು ಒಗೀಬೇಕಿತ್ತು ಅಂತ. ಒಡದ. ಕಲ್ಲಿಲೆ ಜಜ್ಜಿ ಒಡದ. ಗುಡ್ಡದ ಮ್ಯಾಲ ನೌಕರಿ, ಫೋನ್ ಇಲ್ಲದ ನಡಿಯೂದಿಲ್ಲ, ಬ್ಯಾರೆ ತಂದ. ಡಬ್ಬಿಯಿಂದ ತಗದು ಚಾಲೂ ಮಾಡಿದ ಕೂಡಲೇ... ನಕಾಶೆ.

ನೋಡೂದಿಲ್ಲ ಅಂದಿದ್ದ. ರಾತ್ರಿ ಗುಡ್ಡದಾಗ ಒಬ್ಬಾಂವ. ನೋಡಿದ. ದಿನಾ ನೋಡಿದ. "ನೋಡದ ಇರಾಕ ಆಗವಲ್ದು ಅಕ್ಕಾ" ಅಂತ ನನ್ನ ಮುಂದ ಅತ್ತಾನ.

ವಾಣಿಶ್ರೀಗೆ ಅದು ಗೊತ್ತಿರಲಿಲ್ಲ. ಎಲ್ಲಾ ಮುಗದೈತಿ ಅಂತ ತಿಳಕೊಂಡು, ಒಂದು ರಾತ್ರಿ ಬಸ್ಸು ಇಳದಾಕಿ ಮತ್ತ ಬಾವಿ ಕಟ್ಟಿಗೆ ಬಂದ್ಲು. ಗಾಳಿ ನಿಂತಿತ್ತು. ಗುಡ್ಡದ ಫ್ಯಾನಿನ ಸಪ್ಪಳನೂ ಇರಲಿಲ್ಲ. ಬಿಳಲು ಅಲುಗ್ತಿರಲಿಲ್ಲ. ಚಪ್ಪಲಿ ಬಿಚ್ಚಿದ್ಲು. ಕಲ್ಲು ತಣ್ಣಗಿತ್ತು. ಕುಂತ್ಲು.

ಬಾವಿ ಒಳಗಿಂದ...

ಟುಂಯ್.

ಆಕಿ ಉಸುರು ಹಿಡದ್ಲು. ಕಪ್ಪಿ ಇರಬೇಕು ಅಂದುಕೊಂಡ್ಲು. ಕಪ್ಪಿ ಹಂಗ ಅನ್ನೂದಿಲ್ಲ.

ಆಮ್ಯಾಲ ದನಿ ಬಂತು. ಹೆಣಮಗಳ ದನಿ. ನಮ್ಮ ಕಡೆ ದನಿ ಅಲ್ಲ. ಸಾಲಿ ಪುಸ್ತಕದಾಗಿನ ಮಾತು, ನುಣ್ಣಗ, ಸಿಟ್ಟಿಲ್ಲ, ಪ್ರೀತಿ ಇಲ್ಲ. ನೀರಿನ ಕೆಳಗಿಂದ ಬಂದ್ರೂ ಒಂದೊಂದು ಅಕ್ಷರ ಬಿಡಿಬಿಡಿ.

"ನೀವು ತಲುಪಬೇಕಾದ ಸ್ಥಳ ಇದಲ್ಲ."

ವಾಣಿಶ್ರೀ ಬಗ್ಗಿ ನೀರು ನೋಡಿದ್ಲು.

"ಎಡಕ್ಕೆ ತಿರುಗಿ. ನಿಮ್ಮ ಮನೆ ಎಡಗಡೆ ಇದೆ."

"ಯಾರವಾ ನೀ?" ಅಂದ್ಲು.

ನೀರು ಪಾವಟಿಗಿಗೆ ಬಡಿಯೂ ಸಪ್ಪಳ, ಚಳಪ್... ಚಳಪ್...

ಆಕಿ ಏನಂದ್ಲು ಗೊತ್ತೇನ್ರಿ? ಆಕಿ ದೇವರ ಹೆಸರು ತಗೊಳ್ಳಿಲ್ಲ, ಚೀರಲಿಲ್ಲ. ಕೈ ಮುಗದು ಬಾವಿಗೆ ಕೇಳಿಕೊಂಡ್ಲಂತ.

"ಸ್ವಲ್ಪ ಹೊತ್ತು... ಸ್ವಲ್ಪ ಹೊತ್ತು ಕುಂತು ಬರ್ತೀನವಾ. ಯಾರಿಗೂ ಏನೂ ಮಾಡೂದಿಲ್ಲ."

"ಎಡಕ್ಕೆ ತಿರುಗಿ."

"ಒಂದ ಗಳಿಗಿ."

"ಎಡಕ್ಕೆ ತಿರುಗಿ. ಎಡಕ್ಕೆ ತಿರುಗಿ. ಎಡಕ್ಕೆ..."

ಎದ್ಲು. ಚಪ್ಪಲಿ ಅಲ್ಲೇ ಬಿಟ್ಲು. ಎಡಕ್ಕ ತಿರುಗಿದ್ಲು. ಬರಿಗಾಲಿಲೆ ನಡದ್ಲು, ಓಡಲಿಲ್ಲ. ಮನಿ ಅಂಗಳಕ್ಕ ಕಾಲಿಟ್ಟಾಗ ಬಾಗಲಾ ಬಡಿಯೂದು ಬ್ಯಾಡಾತು. ನಮ್ಮವ್ವ ಮೊದ್ಲ ಬಾಗಲಾ ತಗದು ನಿಂತಿದ್ಲು.

"ಬಂದ್ಯವಾ? ಬಂದಿ ಅಂತ ಗೊತ್ತಾತು."

ಹ್ಯಾಂಗ ಗೊತ್ತಾತು ಅಂತ ವಾಣಿಶ್ರೀ ಕೇಳಲಿಲ್ಲ. ಆವತ್ತಿನಿಂದ ಆಕಿ ಕೇಳೂದ ಬಿಟ್ಲು. ಅಂಗಡಿಗೆ ಹೋಗೂದೂ ಬಿಟ್ಲು. ಹಾಡೂದು ಬಿಟ್ಲು. ಬಚ್ಚಲದಾಗ ಜಳಕ ಮಾಡೂ ಮುಂದೂ ಸೀರಿ ಸುತ್ತಿಕೊಂಡ ಮಾಡಾಕಿ.

ಆಮ್ಯಾಲ ಒಂದು ದಿನ, ಇನ್ನೂ ಬೆಳಕು ಹರದಿರಲಿಲ್ಲ, ಮಲ್ಲು ಡ್ಯೂಟಿ ಬಿಟ್ಟು ಗುಡ್ಡ ಇಳದು ಬಂದ. ಮಾರಿ ಸುಣ್ಣದಂಗ ಆಗಿತ್ತು. ಆಕಿನ್ನ ಎಬ್ಬಿಸಿದ. ಫೋನ್ ಆಕಿ ಮುಂದ ಹಿಡದ.

"ಇದು ಯಾರದು?"

ಆಕಿ ಮಲಗಿದ್ದ ಜಾಗಾದಾಗ ನೀಲಿ ಚುಕ್ಕಿ. ಅದರ ಒಳಗ, ನಟ್ಟನಡುವ, ಇನ್ನೊಂದು. ಸಾಸವಿ ಕಾಳಿನಷ್ಟು. ಅದು ಒಮ್ಮೆ ಉರಿತಿತ್ತು, ಒಮ್ಮೆ ಆರತಿತ್ತು... ಉರಿತಿತ್ತು, ಆರತಿತ್ತು...

ವಾಣಿಶ್ರೀ ನೋಡಿದ್ಲು. ಏನೂ ತಿಳಿಲಿಲ್ಲ. ನಮ್ಮವ್ವ ಹಿಂದಿನಿಂದ ಬಂದು ಹಣಿಕಿಕ್ಕಿದ್ಲು. ಫೋನ್ ನೋಡಿದ್ಲು, ಸೊಸಿ ಹೊಟ್ಟಿ ನೋಡಿದ್ಲು. ಬಾಯಿ ಮ್ಯಾಲ ಕೈ ಇಟ್ಟುಕೊಂಡ್ಲು. ಆಮ್ಯಾಲ ದೇವರ ಮುಂದ ದೀಪ ಹಚ್ಚಾಕ ಹೋದ್ಲು.

ಆಕಿಗಿನ್ನೂ ಒಂದು ವಾಂತಿ ಆಗಿರಲಿಲ್ಲ. ಮುಟ್ಟು ನಿಂತದ್ದೂ ಲಕ್ಷ್ಯಕ್ಕ ಬಂದಿರಲಿಲ್ಲ. ಮುಂಡರಗಿ ಡಾಕ್ಟರಬಾಯಿ ನೋಡಿ ಹೌದು ಅಂದಾಗ, ನಮ್ಮವ್ವ ಆಗಲೇ ಶಿರಹಟ್ಟಿಗೆ, ನನ್ನ ಗಂಡನ ಮನಿಗೆ, ಫೋನ್ ಹಚ್ಚಿ ಹೇಳಿ ಆಗಿತ್ತು, ಕುರ್ತಕೋಟಿ ಬೀಗರಿಗೆ ಹೇಳಿ ಆಗಿತ್ತು. ಆಕಿ ಹೊಟ್ಟಿ ಸುದ್ದಿ. ಕಡೀಕ ಗೊತ್ತಾದದ್ದು ಆಕಿಗೆ. "ಸಂತೋಷ ಆಗಲಿಲ್ಲೇನ ವಾಣಿ?" ಅಂತ ನಾ ಕೇಳಿದ್ದಕ್ಕ, "ಒಂದ ದಿನರ ಇದು ನನ್ನಷ್ಟಕ್ಕ ಇರಬೇಕಾಗಿತ್ತು ಅಕ್ಕಾ" ಅಂದ್ಲು. ಅಷ್ಟ ಅಂದ್ಲು.

ಕುರ್ತಕೋಟ್ಯಾಗ ಬಾಣಂತನ ಆತು. ಹೆಣ್ಣು ಕೂಸು. ನಾ ಸೋದರತ್ತಿ, ಕೂಸಿನ ಕಿವ್ಯಾಗ ಹೆಸರು ಕರಿಯೂದು ನನ್ನ ಹಕ್ಕು. ತೊಟ್ಟಿಲಾ ಕಟ್ಟೂ ದಿನ ವಾಣಿಶ್ರೀ ನನ್ನನ್ನ ಬಚ್ಚಲಕ್ಕ ಕರಕೊಂಡು ಹೋಗಿ, ನಳಾ ಜೋರು ಬಿಟ್ಟು, ಕಿವಿಗೆ ಬಾಯಿ ಹಚ್ಚಿ ಹೇಳಿದ್ಲು.

"ಅಕ್ಕಾ, ಎರಡು ಹೆಸರು ಇಡು. ಮಂದಿ ಕರಿಯೂ ಹೆಸರು ಒಂದು, ಅದನ್ನ ಜೋರಾಗಿ ಹೇಳು. ಇನ್ನೊಂದು ನೀನ ಮನಸಿನ್ಯಾಗ ಹುಡುಕು. ನನಗೂ ಹೇಳಬ್ಯಾಡ. ಅದನ್ನ ಕೂಸಿಗೆ ಅಷ್ಟ ಹೇಳು. ಯಾರಿಗೂ ಗೊತ್ತಿಲ್ಲದ್ದು ಅದರ ಕಡೆ ಒಂದಾದ್ರೂ ಇರಲಿ."

ಫೋನ್ ಇದ್ದಾವ್ರನ್ನೆಲ್ಲಾ ಹೊರಗ ಹಾಕಿಸಿದ್ಲು. ಮಲ್ಲು ತನ್ನ ಫೋನಿನ ಬ್ಯಾಟರಿ ಖಾಲಿ ಮಾಡಿ, ಬಂದ್ ಮಾಡಿ, ಜ್ವಾಳದ ಡಬ್ಬ್ಯಾಗ ಹುಗದು ಬಂದ. ನಾ ತೊಟ್ಟಿಲಕ್ಕ ಬಗ್ಗಿದೆ. ಹೆಣಮಕ್ಕಳು ಪದ್ಧತಿ ಪ್ರಕಾರ ನನ್ನ ಬೆನ್ನ ಮ್ಯಾಲ ದಬ ದಬ ಬಡದು ನಗಾಕತ್ತಿದ್ರು. ಜೋರಾಗಿ ಹೇಳೂ ಹೆಸರು ಹೇಳಿದೆ. ಆಮ್ಯಾಲ... ಆವಾಗಿಂದಾವಾಗ ಮನಸಿಗೆ ಬಂದ ಒಂದು ಹೆಸರು, ತುಟಿ ಅಲುಗಿಸದಂಗ, ಉಸುರಿಲೆ, ಕೂಸಿನ ಕಿವ್ಯಾಗ ಬಿಟ್ಟೆ. ಯಾರಿಗೂ ಕೇಳಿಲ್ಲ. ನನ್ನ ಕಿವಿಗೂ ಕೇಳಿಲ್ಲ.

ಊಟ ಆದ ಮ್ಯಾಲ ಮಲ್ಲು, ನಾನು, ವಾಣಿಶ್ರೀ ಒಳಗ ಹೋಗಿ ಜ್ವಾಳದ ಡಬ್ಬಿ ತಗದ್ವಿ. ಕೈ ಹಾಕಿದ್ರ ಜ್ವಾಳ ಬೆಚ್ಚಗಿತ್ತು. ಫೋನ್ ಚಾಲೂ ಇತ್ತು.

ನೀವು ನಂಬ್ರಿ, ಬಿಡ್ರಿ. ನಾ ಈ ಎರಡು ಕಣ್ಣಿಲೆ ನೋಡೀನಿ. ನನ್ನ ಮಕ್ಕಳ ಮ್ಯಾಲ ಕೈ ಇಟ್ಟು ಹೇಳತೀನಿ. ಆ ಹೆಸರು ಏನು ಅಂತ ಮಾತ್ರ ಕೇಳಬ್ಯಾಡ್ರಿ, ಹೇಳೂದಿಲ್ಲ. ನಕಾಶೆದಾಗ ತೊಟ್ಟಿಲಾ ಇದ್ದ ಜಾಗಾಕ್ಕ ಸಣ್ಣ ಚುಕ್ಕಿ ಇತ್ತು. ಅದರ ಕೆಳಗ ನಾ ಉಸುರಿಲೆ ಇಟ್ಟ ಅದ ಹೆಸರು, ಕನ್ನಡದಾಗ. ಅಕ್ಷರ ಒಂದೂ ತಪ್ಪಿರಲಿಲ್ಲ.